ನಲವತ್ತು ಸೆಕೆಂಡು

ಗ್ಯುಮ್ರಿಯ ಕಪ್ಪುಕಲ್ಲಿನ ಬೀದಿಯಲ್ಲಿ
ಹ್ರಾಚಿಕ್ ಮಾವನ ಅಂಗಡಿ.
ಅಂಗಡಿ ಎಂದರೆ ಒಂದು ಕಿಟಕಿ, ಒಂದು ದೀಪ,
ಬಲಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ,
ಬಿಚ್ಚಿ ಹರವಿದ ಹಳೆಯ ಕೈಗಡಿಯಾರ,
ಸಾಸಿವೆಗಿಂತ ಸಣ್ಣ ತಿರುಪುಗಳು.

ಕೊಳ್ಳುವವರು ಊರಲ್ಲಿ ಉಳಿದಿಲ್ಲ.
ಹಾಗಾಗಿ ಅವನ ತಂಗಿಯ ಮಗಳು ನ್ವಾರ್ದ್, ನಾನು,
ಟೈಪು ಮಾಡುತ್ತೇನೆ:
ಮಾರಾಟಕ್ಕಿದೆ. ಹದಿನೇಳು ಹರಳು.
ಬೆಲೆ ಬಿಟ್‌ಕಾಯಿನ್‌ನಲ್ಲಿ.
‘ದಿನಕ್ಕೆ ನಲವತ್ತು ಸೆಕೆಂಡು ಹಿಂದೆ ಬೀಳುತ್ತದೆ, ಬರಿ’ ಅಂದ.
ಹಾಗೆ ಬರೆದರೆ ಯಾರು ಕೊಳ್ಳುತ್ತಾರೆ?
‘ಬರಿ. ಅದಕ್ಕೆ ವಯಸ್ಸಾಗಿದೆ.’

ಮುಖ ನೋಡಿ ಮಣೆ ಹಾಕೋಣವೆಂದರೆ
ಇಲ್ಲಿ ಮುಖವೂ ಇಲ್ಲ, ಮಣೆಯೂ ಇಲ್ಲ.
ಅಕ್ಷರ ಅಂಕಿ ಕಲಸಿಟ್ಟ ಒಂದು ವಿಳಾಸ;
ಅದಕ್ಕೆ ಹೋದ ಹಣ ಬಾವಿಗೆ ಬಿದ್ದ ಕೊಡ,
ಎತ್ತಲು ಯಾವ ಬ್ಯಾಂಕಿನ ಪಾತಾಳಗರಡಿಯೂ ಇಲ್ಲ.

ಪುಂತಾ ಅರೇನಾಸ್‌ನಿಂದ ಒತಿಲಿಯಾ ಕೇಳಿದಳು:
ಮೊದಲು ಹಣವೋ, ಗಡಿಯಾರವೋ?
ಭೂಮಿಯ ಎರಡು ತುದಿಯಲ್ಲಿ ಇಬ್ಬರು
ಒಂದೇ ಕಿರುಬಾಗಿಲ ಮುಂದೆ ನಿಂತು
ನೀವು ಮೊದಲು, ಇಲ್ಲ ನೀವು, ಎಂದಂತೆ.
ಮೂರು ದಿನ ಕಳೆದ ಮೇಲೆ ಬರೆದಳು:
ಚೀಟಿಯಲ್ಲಿ ಇವತ್ತಿನ ತಾರೀಖು,
ಪಕ್ಕದಲ್ಲಿ ಗಡಿಯಾರ,
ನಿಮ್ಮ ಕೈ ಕಾಣುವಂತೆ ಒಂದು ಫೋಟೋ.

ಮಾವ ಎಡಗೈ ಇಟ್ಟ.
ಕಿರುಬೆರಳಿಲ್ಲದ ಕೈ;
ಭೂಕಂಪದ ವರ್ಷ ಕಲ್ಲಿನಡಿ ಉಳಿದುಹೋದದ್ದು.
ಬಲಗೈ ಇಡು ಎಂದೆ.
‘ಅಂಥ ಕೈ ಎಲ್ಲರ ಬಳಿಯೂ ಇದೆ’ ಅಂದ.

ಹಣ ಬಂತು. ಆರು ಸಲ ಖಾತ್ರಿಯಾಗಲಿ ಎಂದೆ,
ಸುಮಾರು ಒಂದು ಗಂಟೆ.
ಮಾವ ಅದೇ ಗಡಿಯಾರ ನೋಡುತ್ತ ಕಾದ,
ಅಂದರೆ ಒಂದೂವರೆ ಸೆಕೆಂಡು ಹೆಚ್ಚೇ ಕಾದ.

ಆಮೇಲೆ ಆ ಕೈಯೇ ನಮ್ಮ ಬೋರ್ಡು.
ನಾಲ್ಕು ಬೆರಳಿನವನಾ? ಹಾಗಾದರೆ ಕಳಿಸಿ,
ಎಂದು ಬರೆಯುತ್ತಿದ್ದರು ಕಾಣದ ಊರವರು.

ಮಾಗಿಯಲ್ಲಿ ತಾಂಪೆರೆಯ ಬಸ್ ಚಾಲಕ
ತೌನೋ ಎಂಬವನ ಪತ್ರ:
ಹಣ ಕಳಿಸಿ ಎರಡು ತಿಂಗಳು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.
ಜೊತೆಗೆ ಒಂದು ಫೋಟೋ.
ಚೀಟಿ ನಮ್ಮದಲ್ಲ, ವಿಳಾಸ ನಮ್ಮದಲ್ಲ.
ಕೈ ನಮ್ಮದು.

ಲೆಕ್ಕದ ಪುಸ್ತಕ ಲೋಕಕ್ಕೆಲ್ಲ ತೆರೆದಿದೆ.
ಹಣ ನಡೆದ ದಾರಿ ಅಂಗೈಯ ಗೆರೆಯಷ್ಟು ಸ್ಪಷ್ಟ;
ನುಂಗಿದವನ ಹೆಸರೊಂದು ಬಿಟ್ಟು ಎಲ್ಲವೂ ಇದೆ ಅದರಲ್ಲಿ.
ನಮ್ಮದೇನೂ ತಪ್ಪಿಲ್ಲ, ಎಂದು ಟೈಪು ಮಾಡಿದೆ.
ಮಾವ ನನ್ನ ಹೆಗಲ ಮೇಲಿಂದ ಓದಿದ.
‘ಅವನು ನಂಬಿದ್ದು ಏನನ್ನು?’
ಕೈಯನ್ನು.
‘ಮತ್ತೆ?’

ಅಡುಗೆಮನೆಯಲ್ಲಿ ಬಾಣಲೆ ಕುಕ್ಕಿದ ಸದ್ದು.
‘ಕಂಡವರ ಕಳ್ಳತನಕ್ಕೆಲ್ಲ ನಾವು ದಂಡ ಕಟ್ಟಿದರೆ
ಈ ಚಳಿಗಾಲದ ಗ್ಯಾಸಿಗೆ ಯಾರು ಕಟ್ಟುತ್ತಾರೆ?’
ಅತ್ತೆ ವಾರ್ಸೆನಿಕ್.
ಅವಳದೇ ಸರಿ ಎಂದು ಇವತ್ತಿಗೂ ಅನ್ನಿಸುತ್ತದೆ ನನಗೆ.

ಮಾವ ಗಡಿಯಾರ ಕಳಿಸಿದ. ಅಂಚೆ ವೆಚ್ಚ ಮಾತ್ರ ಕೇಳಿದ.
ಇದೂ ನಲವತ್ತು ಹಿಂದೆ ಬೀಳುತ್ತದೆ, ಎಂದು ಚೀಟಿ ಇಟ್ಟ.

ಅಂದಿನಿಂದ ಹಳೆಯ ಫೋಟೋ ನಡೆಯುವುದಿಲ್ಲ.
ಕೊಳ್ಳುವವರೇ ಒಂದು ಪದ ಕೊಡಬೇಕು,
ಆ ಪದ ಚೀಟಿಯಲ್ಲಿ, ಚೀಟಿ ಕೈಯಡಿಯಲ್ಲಿ.
ಒಬ್ಬ ‘ಗಜ್ಜರಿ’ ಎಂದ.
ಒಬ್ಬಳು ಸತ್ತ ನಾಯಿಯ ಹೆಸರು ಕೊಟ್ಟಳು;
ಅದನ್ನು ಮಾವ ಎರಡು ಸಲ ಬರೆದ,
ಮೊದಲ ಸಲ ಅಕ್ಷರ ಸೊಟ್ಟಗಾಯಿತೆಂದು.

ಐದು ವಾರದ ಮೇಲೆ ತೌನೋ ಬರೆದ.
ನಮಸ್ಕಾರವಿಲ್ಲ, ವಂದನೆಯಿಲ್ಲ, ಒಂದೇ ಸಾಲು:
ಹನ್ನೊಂದು ದಿನ ಅಳೆದೆ. ನಲವತ್ತಲ್ಲ, ಮೂವತ್ತೆಂಟು.

ಮಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.
ಕಣ್ಣ ಸುತ್ತ ಅದರ ಉಂಗುರ ಕೆಂಪಗೆ ಉಳಿದಿತ್ತು.
‘ಬರಿ’ ಅಂದ,
‘ಎರಡು ಸೆಕೆಂಡಿಗೆ
ಕ್ಷಮೆ ಇರಲಿ ಎಂದು.’